ಹಾಲ್ ಬುಕ್ ಮಾಡೋ ಮೊದಲು: ಮನೆಯಲ್ಲೇ ಒಂದು ಸೀಮಂತ

ಮನೇಲಿ ಏನೇ ಕಾರ್ಯಕ್ರಮ ಇರಲಿ, ಇಂಜಿನಿಯರಿಂಗ್ ಓದ್ತಿರೋರಿಗೆ ಒಂದು ಕೆಲಸ ಗ್ಯಾರಂಟಿ. "ನೀನು ಇಂಜಿನಿಯರ್ ಅಲ್ವಾ, ಆ ಸೀರಿಯಲ್ ಲೈಟ್ ಹಾಕು." ನೀವು ಕೆಮಿಕಲ್ ಬ್ರಾಂಚ್ ಆಗಿದ್ರೂ ಲೈಟ್ ನಿಮ್ಮದೇ. ಈ ಸಲದ ರಜೆಯಲ್ಲಿ ನಮಗೆ ಲೈಟ್ ಮಾತ್ರ ಅಲ್ಲ, ಇಡೀ ಕಾರ್ಯಕ್ರಮವೇ ಬಂತು. ನಾವು ಅಂದ್ರೆ ಮೂರು ಜನ ಕಸಿನ್ಸ್: ಒಬ್ಬ ಸಿವಿಲ್, ಒಬ್ಬಳು ಎಲೆಕ್ಟ್ರಿಕಲ್, ಒಬ್ಬ ಸಿಎಸ್. ಏಳನೇ ತಿಂಗಳಲ್ಲಿದ್ದ ನಮ್ಮ ಅಕ್ಕ (ದೊಡ್ಡಮ್ಮನ ಮಗಳು) ತನ್ನ ಸೀಮಂತ ಹಾಲ್‌ನಲ್ಲಿ ಬೇಡ, ಮೈಸೂರಿನ ಮನೇಲೇ ಆಗಬೇಕು ಅಂದಳು. ಯಾಕೆ ಅಂತ ಮುಂದೆ ಹೇಳ್ತೀವಿ. ನಿಮ್ಮ ಮನೇಲೂ ಇನ್ನು ಎರಡು ಮೂರು ವರ್ಷದಲ್ಲಿ ಯಾವುದಾದ್ರೂ ಅಕ್ಕನದೋ ಅತ್ತಿಗೆಯದೋ ಸರದಿ ಬಂದೇ ಬರತ್ತೆ. ಆವಾಗ ಉಪಯೋಗಕ್ಕೆ ಬರಲಿ ಅಂತ ಬರೀತಿದ್ದೀವಿ.

ಮೊದಲು ಹೆಸರು. ಸೀಮಂತ ಅಂದ್ರೆ ಬೈತಲೆ. ಹಳೇ ಸಂಸ್ಕಾರದ ಪೂರ್ತಿ ಹೆಸರು ಸೀಮಂತೋನ್ನಯನ, ಅಂದ್ರೆ ಬೈತಲೆಯನ್ನ ಮೇಲಕ್ಕೆ ತೆಗೆಯೋದು. ಗಂಡ ಹೆಂಡತಿಯ ಕೂದಲನ್ನ ಭಾಗ ಮಾಡಿ ಬಾಚೋ ಶಾಸ್ತ್ರ ಅದು. ಉತ್ತರ ಕರ್ನಾಟಕದ ಕಡೆ ಇದಕ್ಕೆ ಕುಬುಸ ಅಂತಾರೆ. ಕುಪ್ಪಸ, ಅಂದ್ರೆ ರವಿಕೆ ಕೊಡೋ ಕಾರ್ಯ. ಕರಾವಳಿ ಕಡೆ ಬಯಕೆ ಅಂತಾರೆ, ಹೂ ಮುಡಿಸೋದು ಅಂತಲೂ ಕೇಳಿದ್ದೀವಿ. ನಮ್ಮ ಹಾಸ್ಟೆಲ್‌ನಲ್ಲಿ ಕೇಳಿದಾಗ ಒಂದೇ ವಿಂಗ್‌ನಲ್ಲಿ ನಾಲ್ಕು ಹೆಸರು ಸಿಕ್ತು. ಇನ್ವಿಟೇಷನ್ ಮೇಲೆ ಮಾತ್ರ ಎಲ್ಲರದ್ದೂ ಬೇಬಿ ಶವರ್. ಹೆಸರು ಯಾವುದೇ ಇರಲಿ, ಒಳಗಿನ ಐಟಂಗಳು ಹೆಚ್ಚು ಕಡಿಮೆ ಇವೇ: ಹಸಿರು ಸೀರೆ, ಹಸಿರು ಗಾಜಿನ ಬಳೆ, ಹೂವು, ಮಡಿಲು ತುಂಬೋದು, ಆರತಿ, ಬಸುರಿ ಬಯಸಿದ ಊಟ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಮಡಿಲು ಅಂದ್ರೆ ಲ್ಯಾಪ್ ಅಂತ ಗೊತ್ತಿತ್ತು. ಅದನ್ನ ತುಂಬೋದು ಅಂದ್ರೆ ಸೆರಗಿಗೆ ಅಕ್ಕಿ, ತೆಂಗಿನಕಾಯಿ, ಬೆಲ್ಲ, ಎಲೆ ಅಡಿಕೆ ಹಾಕೋದು ಅಂತ ಅಜ್ಜಿ ಲಿಸ್ಟ್ ಬರೆಸಿದಾಗಲೇ ಗೊತ್ತಾಗಿದ್ದು.

ಎಷ್ಟು ಜನ, ಎಷ್ಟು ಹೊತ್ತು

ಮನೇಲಿ ಫಂಕ್ಷನ್ ಕೆಡೋದು ಡೆಕೋರೇಷನ್ ಕಡಿಮೆ ಆಯ್ತು ಅಂತ ಅಲ್ಲ. ಒಂದೇ ಸಲ ಎಲ್ಲರೂ ಬಂದು ನಿಲ್ಲೋದಕ್ಕೆ ಜಾಗ ಸಾಲದೆ ಕೆಡತ್ತೆ. ನಮ್ಮ ಮನೆಯ ಹಾಲ್ 10 ಅಡಿ ಅಗಲ, 15 ಅಡಿ ಉದ್ದ. ಸೋಫಾ ಆಚೆ ಹಾಕಿದ್ರೂ 25 ಜನಕ್ಕಿಂತ ಜಾಸ್ತಿ ಕೂತ್ರೆ ಮೊಣಕಾಲು ತಗಲತ್ತೆ. ಕರೀಬೇಕಾದವರು 65. ಅಪ್ಪ "ಅದಕ್ಕೇ ಹಾಲ್ ಅಂದಿದ್ದು" ಅಂದ್ರು. ಸಿಎಸ್ ಕಸಿನ್ ಲ್ಯಾಪ್‌ಟಾಪ್ ತೆಗೆದ.

ಕ್ಯೂಯಿಂಗ್ ಥಿಯರಿಯಲ್ಲಿ ಲಿಟಲ್ಸ್ ಲಾ ಅಂತ ಒಂದಿದೆ. ತುಂಬಾ ಸಿಂಪಲ್: ಒಳಗೆ ಇರೋ ಸರಾಸರಿ ಜನ = ಗಂಟೆಗೆ ಎಷ್ಟು ಜನ ಬರ್ತಾರೆ × ಒಬ್ಬೊಬ್ಬರು ಎಷ್ಟು ಹೊತ್ತು ಇರ್ತಾರೆ. ಹಾಗಾಗಿ ನಾವು ಕಾರ್ಯಕ್ರಮವನ್ನ ಎರಡು ಮಾಡಿದ್ವಿ. ಬೆಳಿಗ್ಗೆ ಶಾಸ್ತ್ರ ಮತ್ತು ಊಟ, ತೀರಾ ಹತ್ತಿರದ 20 ಜನಕ್ಕೆ ಮಾತ್ರ. ಅಕ್ಕಪಕ್ಕದ ಮನೆಯವರು, ಅಕ್ಕನ ಆಫೀಸಿನವರು, ಅಮ್ಮನ ಗೆಳತಿಯರು ಸೇರಿ 45 ಜನಕ್ಕೆ ಸಂಜೆ 4 ರಿಂದ 7. ಮೂರು ಗಂಟೆಗೆ 45 ಅಂದ್ರೆ ಗಂಟೆಗೆ 15. ಒಬ್ಬೊಬ್ಬರು ಸುಮಾರು 40 ನಿಮಿಷ ಇದ್ರೆ ಯಾವುದೇ ಹೊತ್ತಲ್ಲಿ ಸರಾಸರಿ 10 ಜನ. 10 ಜನಕ್ಕೆ ನಮ್ಮ ಹಾಲ್ ಅರಮನೆ. ಆದ್ರೆ ಇದು ಸರಾಸರಿ ಮಾತ್ರ, ಎಲ್ಲರೂ ಐದು ಗಂಟೆಗೇ ಬಂದ್ರೆ ಲಾ ನಿಮ್ಮನ್ನ ಕಾಪಾಡಲ್ಲ. ಅದಕ್ಕೆ ಕರೆಯುವಾಗಲೇ ಬೇರೆ ಬೇರೆ ಹೊತ್ತು ಹೇಳಿ. ಆಫೀಸಿನವರಿಗೆ "ಆರರ ಮೇಲೆ ಬನ್ನಿ", ಬೀದಿಯವರಿಗೆ "ನಾಲ್ಕಕ್ಕೆ ಬನ್ನಿ, ಕಾಫಿ ಕುಡಿಯೋಣ". ವಾಟ್ಸಾಪ್‌ನಲ್ಲಿ ಒಂದೇ ಕಾರ್ಡ್ ಎಲ್ಲರಿಗೂ ಫಾರ್ವರ್ಡ್ ಮಾಡಿದ್ರೆ ಈ ಕೆಲಸ ಆಗಲ್ಲ. ಫೋನ್ ಮಾಡಬೇಕು.

ಬಸುರಿ ಹೆಂಗಸು ಕೂರೋ ಕುರ್ಚಿಯ ಜಾಗ ಎರಡನೇ ಮುಖ್ಯ ವಿಷಯ. ಹಾಲ್‌ಗಳಲ್ಲಿ ಸಿಂಹಾಸನದಂಥ ಒಂದು ಕುರ್ಚಿ ಇಟ್ಟು, ಸ್ಟೇಜ್ ಮೇಲೆ ಮೂರು ಗಂಟೆ ಕೂರಿಸ್ತಾರೆ. ಫೋಟೋ ಚೆನ್ನಾಗಿ ಬರತ್ತೆ, ಸೊಂಟ ಹೋಗತ್ತೆ. ನಾವು ಮನೆಯ ಮರದ ಕೈಕುರ್ಚಿಗೆ ಬೆನ್ನಿಗೊಂದು ದಿಂಬು ಕೊಟ್ಟು, ಕಾಲಿಗೆ ಮಣೆ ಇಟ್ಟು, ಬಾತ್‌ರೂಮಿಗೆ ಹೋಗೋ ದಾರಿಗೆ ಯಾರೂ ಅಡ್ಡ ಬರದ ಹಾಗೆ ಕಿಟಕಿ ಪಕ್ಕ ಹಾಕಿದ್ವಿ. ಅರ್ಧ ಗಂಟೆಗೊಮ್ಮೆ ಅವಳು ಎದ್ದು ಓಡಾಡೋ ಹಾಗೆ ಪ್ಲಾನ್ ಇತ್ತು. ಕಿಟಕಿ ಇನ್ನೊಂದಕ್ಕೂ ಒಳ್ಳೇದು, ಫೋಟೋಗೆ. ಬೆಳಕು ಮುಖದ ಮುಂದಿನಿಂದ ಅಥವಾ ಪಕ್ಕದಿಂದ ಬೀಳಬೇಕು, ಬೆನ್ನ ಹಿಂದಿನಿಂದ ಅಲ್ಲ. ಇಷ್ಟು ನೋಡಿಕೊಂಡ್ರೆ ಫೋನ್ ಕ್ಯಾಮೆರಾ ಸಾಕು.

ಸೆಕೆಯ ಲೆಕ್ಕವೂ ಹಾಕಿ. ಸುಮ್ಮನೆ ಕೂತಿರೋ ಒಬ್ಬ ಮನುಷ್ಯನ ಮೈಯಿಂದ ಹೆಚ್ಚು ಕಡಿಮೆ 100 ವ್ಯಾಟ್ ಶಾಖ ಹೊರಗೆ ಬರತ್ತೆ. 25 ಜನ ಅಂದ್ರೆ 2500 ವ್ಯಾಟ್, ಒಂದು 2 ಕಿಲೋವ್ಯಾಟ್ ಗೀಸರ್‌ಗಿಂತ ಜಾಸ್ತಿ. ಫ್ಯಾನ್ ಗಾಳಿಯನ್ನ ತಿರುಗಿಸತ್ತೆ, ತಣ್ಣಗೆ ಮಾಡಲ್ಲ. ಎದುರು ಬದುರು ಎರಡು ಕಿಟಕಿ ತೆಗೆದಿಡಿ, ಊದುಬತ್ತಿಯನ್ನ ದೇವರ ಮನೆಗೆ ಮಾತ್ರ ಇಟ್ಟುಕೊಳ್ಳಿ. ಹೋಮ ಮಾಡೋ ಮನೆ ಆದ್ರೆ ಅದನ್ನ ಟೆರೇಸ್‌ಗೋ ಅಂಗಳಕ್ಕೋ ಒಯ್ಯೋದು ವಾಸಿ.

ಕರೆಂಟಿನ ಬಗ್ಗೆ ಎರಡೇ ಮಾತು, ಎಲೆಕ್ಟ್ರಿಕಲ್ ಕಸಿನ್ ಬಿಡ್ತಿಲ್ಲ. ಎಲ್‌ಇಡಿ ಸೀರಿಯಲ್ ಲೈಟ್ ಎಷ್ಟು ಹಾಕಿದ್ರೂ ಲೋಡ್ ಏನೇನೂ ಅಲ್ಲ. ತೊಂದರೆ ಕೊಡೋದು ಇಂಡಕ್ಷನ್ ಸ್ಟವ್. 2000 ವ್ಯಾಟ್‌ನ್ನ 230 ವೋಲ್ಟ್‌ನಿಂದ ಭಾಗಿಸಿದ್ರೆ 8.7 ಆಂಪ್. ಅದನ್ನ ಹಾಲ್‌ನ 6 ಆಂಪ್ ಸಾಕೆಟ್‌ಗೆ ಎಕ್ಸ್‌ಟೆನ್ಷನ್ ಬೋರ್ಡ್ ಹಾಕಿ ಚುಚ್ಚಬೇಡಿ. ಅಡುಗೆಮನೆಯ 16 ಆಂಪ್ ಸಾಕೆಟ್ ಅದಕ್ಕೇ ಇರೋದು.

ಒಂದು ಗೋಡೆ ಸಾಕು

ಇನ್‌ಸ್ಟಾಗ್ರಾಮ್ ನೋಡಿ ಇಡೀ ಮನೆ ಸಿಂಗಾರ ಮಾಡೋಕೆ ಹೋಗಬೇಡಿ. ಫೋಟೋದಲ್ಲಿ ಬೀಳೋದು ಕುರ್ಚಿಯ ಹಿಂದಿನ ಒಂದು ಗೋಡೆ. ಆ ಗೋಡೆಗೆ ನಾವು ಬಾಡಿಗೆ ಬ್ಯಾಕ್‌ಡ್ರಾಪ್ ತರಲಿಲ್ಲ. ಬೀರುವಿನಿಂದ ಅಮ್ಮನದು, ಚಿಕ್ಕಮ್ಮನದು, ಅಜ್ಜಿಯದು ಒಂದೊಂದು ಹಳೇ ರೇಷ್ಮೆ ಸೀರೆ ತೆಗೆದು, ಕರ್ಟನ್ ರಾಡ್‌ಗೆ ನೆರಿಗೆ ಹಿಡಿದು ಇಳಿಬಿಟ್ಟಿದ್ದು, ಅಷ್ಟೇ. ಗಿಳಿಹಸಿರು, ಅರಿಶಿನ, ಕಡು ಕೆಂಪು. ಪಿನ್ ಚುಚ್ಚಬೇಡಿ, ಬಟ್ಟೆ ಒಣಹಾಕೋ ಕ್ಲಿಪ್ ಸಾಕು. ಮೇಲೆ ಮಾವಿನೆಲೆ ತೋರಣ, ಎರಡು ಪಕ್ಕ ಸೇವಂತಿಗೆ. ಹೂವನ್ನ ಹಿಂದಿನ ದಿನ ಸಂಜೆ ದೇವರಾಜ ಮಾರುಕಟ್ಟೆಯಿಂದ ಮಾರಿನ ಲೆಕ್ಕದಲ್ಲಿ ತಂದು, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ವಿ. ಮಲ್ಲಿಗೆಯನ್ನ ಮಾತ್ರ ಅವತ್ತು ಬೆಳಿಗ್ಗೆಯೇ ತರಬೇಕು.

ಸೀರೆಯ ಗೋಡೆಗೆ ಇನ್ನೊಂದು ಲಾಭ ಇದೆ. ಬಂದವರು "ಇದು ನಿನ್ನ ಮದುವೆಯ ಧಾರೆ ಸೀರೆ ಅಲ್ವೇನೇ" ಅಂತ ಮಾತು ಶುರು ಮಾಡ್ತಾರೆ. ಬಲೂನ್ ಆರ್ಚ್ ನೋಡಿ ಯಾರೂ ಮಾತು ಶುರು ಮಾಡಿದ್ದನ್ನ ನಾವು ಕಂಡಿಲ್ಲ.

ಬಲೂನ್ ಬೇಕೇ ಬೇಕು ಅಂದ್ರೆ ಬಾಯಲ್ಲಿ ಊದಿದ್ದು ಇರಲಿ. ಮೇಲೆ ತೇಲೋ ಬಲೂನ್‌ಗಳಿಗೆ ಹೀಲಿಯಂ ದುಬಾರಿ ಅಂತ ಕೆಲವರು ಹೈಡ್ರೋಜನ್ ತುಂಬ್ತಾರೆ. ಆರತಿ ತಟ್ಟೆಯ ದೀಪ ಇರೋ ಕೋಣೆಗೆ ಅದು ಬರಲೇಬಾರದು. ಬರ್ತ್‌ಡೇಯಲ್ಲಿ ಮುಖಕ್ಕೆ ಹೊಡೆಯೋ ಸ್ನೋ ಸ್ಪ್ರೇ ಕೂಡ ಅಷ್ಟೇ, ಆ ಡಬ್ಬಿಯೊಳಗೆ ಒತ್ತಡ ಕೊಡೋ ಗ್ಯಾಸ್ ಸಾಮಾನ್ಯವಾಗಿ ಹೊತ್ತಿಕೊಳ್ಳೋ ಜಾತಿಯದ್ದು. ರಂಗೋಲಿಯನ್ನ ಹೊಸ್ತಿಲ ಹೊರಗೆ ಹಾಕಿ. ನುಣುಪಾದ ಟೈಲ್ಸ್ ಮೇಲೆ ರಂಗೋಲಿ ಪುಡಿ ಬಿದ್ರೆ ಕಾಲು ಜಾರತ್ತೆ, ಏಳು ತಿಂಗಳ ಬಸುರಿ ಇರೋ ಮನೇಲಿ ಆ ರಿಸ್ಕ್ ಬೇಡ.

ಬಳೆಯ ಗಣಿತ

ಇದು ನಮಗೆ ತುಂಬಾ ಇಷ್ಟವಾದ ಭಾಗ. ಬಳೆ ಅಂಗಡಿಯಲ್ಲಿ 2.4, 2.6, 2.8 ಅಂತ ಸೈಜ್ ಕೇಳ್ತಾರೆ. ಅದು ದಶಮಾಂಶ ಅಂದುಕೊಂಡ್ರೆ 2.8 ಆದಮೇಲೆ 2.10 ಹೇಗೆ ಬರತ್ತೆ? ಚುಕ್ಕಿ ಆದಮೇಲೆ ಇರೋದು ಇಂಚಿನ ಹದಿನಾರನೇ ಭಾಗಗಳ ಲೆಕ್ಕ. 2.4 ಅಂದ್ರೆ 2 ಇಂಚು ಮತ್ತು 4/16, ಅಂದ್ರೆ ಎರಡೂಕಾಲು ಇಂಚು, ಸುಮಾರು 57 ಮಿ.ಮೀ. 2.6 ಅಂದ್ರೆ ಸುಮಾರು 60 ಮಿ.ಮೀ., 2.8 ಅಂದ್ರೆ ಎರಡೂವರೆ ಇಂಚು, 63.5 ಮಿ.ಮೀ. ಇದು ಒಳವ್ಯಾಸ. ನಿಮ್ಮ ಮನೆಯವರ ಒಂದು ಹಳೇ ಬಳೆಯನ್ನ ಸ್ಕೇಲ್ ಮೇಲಿಟ್ಟು ಒಳಗಿನ ಅಂಚಿನಿಂದ ಅಂಚಿಗೆ ಅಳೆದ್ರೆ ಸೈಜ್ ಗೊತ್ತಾಗತ್ತೆ. ಫಸ್ಟ್ ಇಯರ್ ಲ್ಯಾಬ್‌ನ ವರ್ನಿಯರ್ ಕ್ಯಾಲಿಪರ್ ನೆನಪಾದ್ರೆ ಅಳಬೇಡಿ.

ಬಸುರಿಯರಿಗೆ ಕೊನೆಯ ತಿಂಗಳುಗಳಲ್ಲಿ ಕೈ ಕಾಲು ಸ್ವಲ್ಪ ಊದೋದು ಸಾಮಾನ್ಯ. ಗಾಜಿನ ಬಳೆ ಹಿಗ್ಗಲ್ಲ, ಗೆಣ್ಣು ದಾಟಿ ಹೋಗಬೇಕು. ಹಾಗಾಗಿ ಮಾಮೂಲಿ ಸೈಜ್‌ಗಿಂತ ಒಂದು ದೊಡ್ಡದು ತನ್ನಿ. ಒಂದು ಸೈಜ್ ವ್ಯತ್ಯಾಸ ಅಂದ್ರೆ ಬರೀ 3 ಮಿ.ಮೀ., ಆದ್ರೆ ಆ 3 ಮಿ.ಮೀ.ನಲ್ಲೇ ನೋವು ಇರೋದು. ಕೈಗೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿಕೊಂಡ್ರೆ ಸಲೀಸು.

ಬಂದ ಹೆಂಗಸರಿಗೂ ಬಳೆ ಕೊಡೋದು ಪದ್ಧತಿ. ಬಳೆಗಾರರನ್ನ ಮನೆಗೇ ಕರೆಸಿದ್ರೆ ಅದಕ್ಕಿಂತ ಚೆಂದ ಯಾವುದೂ ಇಲ್ಲ. ನಮಗೆ ಸಿಗಲಿಲ್ಲ. ಮೂರು ಬಿದಿರು ಬುಟ್ಟಿಯಲ್ಲಿ ಸೈಜ್ ಬರೆದ ಚೀಟಿ ಹಾಕಿ ಬಾಗಿಲ ಪಕ್ಕ ಇಟ್ವಿ. ಬೇಕಾದವರು ಅವರವರೇ ಆರಿಸ್ಕೊಂಡು ಹಾಕ್ಕೋಬೇಕು. ಅದರ ಪಕ್ಕದಲ್ಲೇ ಅರಿಶಿನ ಕುಂಕುಮ, ಹೂವು. ನೋಡೋಕೆ ಸ್ಟೈಲಿಶ್ ಅಂತ ಎಲ್ಲರೂ ಹೊಗಳಿದ್ರು. ಆದ್ರೆ ಬುಟ್ಟಿ ಇಟ್ಟಿದ್ದು ಸ್ಟೈಲ್‌ಗಲ್ಲ.

ಅಕ್ಕನಿಗೆ ಹಾಲ್ ಬೇಡವಾಗಿದ್ದ ಕಾರಣ ಇದು. ದೊಡ್ಡಪ್ಪ ತೀರಿಕೊಂಡು ನಾಲ್ಕು ವರ್ಷ ಆಯ್ತು. ಅವತ್ತಿಂದ ಮನೆಯ ಯಾವ ಶುಭಕಾರ್ಯದಲ್ಲೂ ದೊಡ್ಡಮ್ಮ ಅಡುಗೆಮನೆ ಬಿಟ್ಟು ಮುಂದೆ ಬಂದಿಲ್ಲ. ಅಕ್ಕನ ಮದುವೆಯಲ್ಲೂ ಬಹಳಷ್ಟು ಶಾಸ್ತ್ರಕ್ಕೆ ಅಮ್ಮ ಚಿಕ್ಕಮ್ಮನೇ ನಿಂತಿದ್ರು. ಸೀಮಂತದಲ್ಲಿ ಬಳೆ ತೊಡಿಸೋರು, ಮಡಿಲು ತುಂಬೋರು, ಆರತಿ ಎತ್ತೋರು ಎಲ್ಲ ಮುತ್ತೈದೆಯರೇ ಆಗಬೇಕು ಅನ್ನೋದು ನಡೆದು ಬಂದ ಲೆಕ್ಕ. ಅಂದ್ರೆ ಮಗಳಿಗೆ ಬಳೆ ತೊಡಿಸೋ ಸಾಲಿನಲ್ಲಿ ತಾಯಿಗೇ ಜಾಗ ಇಲ್ಲ. ಹಾಲ್‌ನಲ್ಲಾದ್ರೆ 200 ಜನ, ವಿಡಿಯೋದವರು, ಮೈಕ್ ಹಿಡಿದು ಹೆಸರು ಕೂಗೋರು, ಅಲ್ಲಿ ಯಾರೂ ಏನೂ ಬದಲಾಯಿಸೋಕೆ ಆಗಲ್ಲ. ಮನೇಲಿ 20 ಜನ ಇದ್ರೆ ಒಬ್ಬೊಬ್ಬರ ಹತ್ರ ಮೊದಲೇ ಮಾತಾಡಬಹುದು. ಅಕ್ಕನ ಲೆಕ್ಕ ಇದಾಗಿತ್ತು. "ಮೊದಲ ಬಳೆ ಅಮ್ಮನದು. ಉಳಿದದ್ದು ನೀವು ಹೇಗೆ ಬೇಕಾದ್ರೂ ಮಾಡಿ" ಅಂದಳು.

ಹಾಗಾಗಿ ನಮ್ಮ ಪ್ಲಾನಿಂಗ್‌ನ ದೊಡ್ಡ ಭಾಗ ಫೋನ್ ಕಾಲ್. ಅಕ್ಕನ ಅತ್ತೆಯವರ ಹತ್ರ ಅಕ್ಕನೇ ಮಾತಾಡಿದಳು, ಭಾವನ ಕೈಲಿ ಹೇಳಿಸಲಿಲ್ಲ. ಅವರು ಒಂದು ದಿನ ಟೈಮ್ ತಗೊಂಡ್ರು. ಆಮೇಲೆ ಬಳೆ ತೊಡಿಸಲಿ, ತಾಯಿ ತಾನೇ, ಆದ್ರೆ ಆರತಿಯನ್ನ ಮುತ್ತೈದೆಯರೇ ಎತ್ತಲಿ ಅಂದ್ರು. ಅಕ್ಕ ಒಪ್ಪಿಕೊಂಡಳು. ನಮ್ಮಲ್ಲಿ ಇಬ್ಬರಿಗೆ ಅದು ಸರಿ ಅನ್ನಿಸಲಿಲ್ಲ, ಅರ್ಧ ದಾರಿ ಅನ್ನಿಸ್ತು, ಈಗಲೂ ಅನ್ನಿಸತ್ತೆ. ನಮ್ಮ ಅಜ್ಜಿ ಮಾತ್ರ ಅಚ್ಚರಿ ಪಡೋ ಹಾಗೆ ಒಂದೇ ಮಾತಲ್ಲಿ "ಹೆತ್ತೋಳಿಗಿಂತ ಮುತ್ತೈದೆ ಯಾರೇ" ಅಂದುಬಿಟ್ರು. ಕಷ್ಟ ಆಗಿದ್ದು ದೊಡ್ಡಮ್ಮನನ್ನ ಒಪ್ಪಿಸೋದು. ಮಗುವಿಗೆ ಏನಾದ್ರೂ ಆದ್ರೆ ನನ್ನ ಕೈಯಿಂದ ಆಯ್ತು ಅಂತಾರೆ ಅಂತ ಅವರ ಭಯ. ಇದಕ್ಕೆ ನಮ್ಮ ಹತ್ರ ಯಾವ ಫಾರ್ಮುಲಾನೂ ಇರಲಿಲ್ಲ. ಅಕ್ಕ ಒಂದು ಸಂಜೆ ಅವರ ಜೊತೆ ಬಾಗಿಲು ಹಾಕ್ಕೊಂಡು ಕೂತಳು, ಏನು ಮಾತಾಯ್ತೋ ನಮಗೆ ಹೇಳಿಲ್ಲ.

ಅವತ್ತು ದೊಡ್ಡಮ್ಮ ಬಂದು ಎರಡು ಕೈಗೂ ಒಂದೊಂದು ಬಳೆ ತೊಡಿಸಿದ್ರು. ಒಂದು ನಿಮಿಷವೂ ಆಗಲಿಲ್ಲ. ತಲೆ ಮುಟ್ಟಿ, ಅಡುಗೆಮನೆಗೆ ವಾಪಸ್ ಹೋದ್ರು, ಹುಳಿಗೆ ಒಗ್ಗರಣೆ ಆಗಿಲ್ಲ ಅಂತ. ಹಿರಿಯರೊಬ್ಬರು ಊಟಕ್ಕೆ ನಿಲ್ಲದೆ ಹೊರಟುಬಿಟ್ರು. ಅದೂ ಆಯ್ತು.

ಬುಟ್ಟಿಯ ವಿಷಯಕ್ಕೆ ಬರೋಣ. ಅರಿಶಿನ ಕುಂಕುಮ, ಬಳೆ, ಹೂವನ್ನ ಯಾರಾದ್ರೂ ತಟ್ಟೆ ಹಿಡಿದು ಹಂಚುವಾಗ ಕೆಲವರ ಮುಂದೆ ತಟ್ಟೆ ನಿಲ್ಲತ್ತೆ, ಕೆಲವರನ್ನ ದಾಟಿ ಹೋಗತ್ತೆ. ದಾಟಿಸೋರಿಗೂ ಮುಜುಗರ, ಕೂತವರಿಗೂ ಅವಮಾನ. ಹಂಚೋ ಕೈಯನ್ನೇ ತೆಗೆದುಬಿಟ್ರೆ ಆ ಕ್ಷಣ ಬರಲ್ಲ. ಬುಟ್ಟಿ ಇರತ್ತೆ, ಬೇಕಾದವರು ತಗೋತಾರೆ, ಯಾರು ತಗೊಂಡ್ರು ಯಾರು ಬಿಟ್ರು ಅಂತ ಯಾರೂ ನೋಡಲ್ಲ. ಎದುರು ಮನೆಯ ಆಂಟಿ, ಅವರೂ ಗಂಡನನ್ನ ಕಳ್ಕೊಂಡವರು, 2.4ರ ಬುಟ್ಟಿಯಿಂದ ನಾಲ್ಕು ಹಸಿರು ಬಳೆ ಆರಿಸಿದ್ರು. ಹಾಕ್ಕೊಳ್ಳಲಿಲ್ಲ, ಕರ್ಚೀಫ್‌ನಲ್ಲಿ ಸುತ್ತಿ ಪರ್ಸ್‌ಗೆ ಇಟ್ಕೊಂಡ್ರು. ನಿಮ್ಮ ಮನೇಲಿ ಯಾವ ಫಂಕ್ಷನ್ ಇದ್ರೂ ಸರಿ, ಈ ಒಂದು ಬದಲಾವಣೆ ಮಾಡಿ ನೋಡಿ. ಖರ್ಚು ಮೂರು ಬುಟ್ಟಿ.

ಊಟ, ಆಟ, ಮಿಕ್ಕಿದ್ದು

ಬಯಕೆ ಊಟದ ಮೆನು ಬಸುರಿಯದ್ದೇ ಆಗಿರಲಿ. ನಮ್ಮ ಅಕ್ಕ ಕೇಳಿದ್ದು ಪುಳಿಯೋಗರೆ, ಮಾವಿನಕಾಯಿ ಚಿತ್ರಾನ್ನ, ಮೊಸರನ್ನ, ಸಂಡಿಗೆ, ಹುಳಿ, ಒಂದು ಪಾಯಸ. ಸೀಮಂತಕ್ಕೆ ಕಲಸಿದ ಅನ್ನಗಳು ಹೇಗೂ ಪದ್ಧತಿಯೇ, ಮನೆ ಅಡುಗೆಗೆ ಇವು ತುಂಬಾ ಅನುಕೂಲ. ಪುಳಿಯೋಗರೆ ಗೊಜ್ಜು ಎರಡು ದಿನ ಮುಂಚೆ ಮಾಡಿಟ್ಕೊಂಡ್ರೆ ರುಚಿ ಹೆಚ್ಚೇ ಆಗತ್ತೆ. ತಲೆಗೆ ಸುಮಾರು 100 ಗ್ರಾಂ ಅಕ್ಕಿ ಅಂತ ಇಟ್ಕೊಂಡು, ಒಟ್ಟು ಅಕ್ಕಿಯನ್ನ ಮೂರು ಅನ್ನಕ್ಕೆ ಹಂಚಿ. ಒಂದೊಂದಕ್ಕೂ 100 ಗ್ರಾಂ ಹಾಕಿದ್ರೆ ವಾರವಿಡೀ ನೀವೇ ತಿನ್ನಬೇಕು. ಮೊಸರನ್ನ ಮಧ್ಯಾಹ್ನದ ಹೊತ್ತಿಗೆ ಹುಳಿ ಬರಬಾರದು ಅಂದ್ರೆ ಅನ್ನಕ್ಕೆ ಹಾಲೇ ಜಾಸ್ತಿ ಹಾಕಿ, ಮೊಸರು ಒಂದೆರಡು ಚಮಚ ಸಾಕು. ಇದು ದೊಡ್ಡಮ್ಮನ ಟ್ರಿಕ್.

ಒಂದು ಎಚ್ಚರಿಕೆ. ಬೇಯಿಸಿದ ಅನ್ನ ಹೊರಗೆ ಗಂಟೆಗಟ್ಟಲೆ ಬೆಚ್ಚಗೆ ಕೂತ್ರೆ ಅದರಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾ ಬೆಳೆಯತ್ತೆ. ಮತ್ತೆ ಬಿಸಿ ಮಾಡಿದ್ರೂ ಅದು ಬಿಟ್ಟ ವಿಷ ಹೋಗಲ್ಲ. ಬೆಳಿಗ್ಗೆಯ ಅನ್ನವನ್ನ ಸಂಜೆಯ ಗೆಸ್ಟ್‌ಗಳಿಗೆ ಎತ್ತಿಡಬೇಡಿ. ಸಂಜೆಗೆ ಕಾಫಿ, ಕೋಡುಬಳೆ, ಹಣ್ಣು ಸಾಕು.

ಮಕ್ಕಳು ಇರ್ತಾರಲ್ಲ, ಅವರಿಗೆ ಆರತಿಯ ನೀರೇ ಮ್ಯಾಜಿಕ್ ಶೋ. ಅರಿಶಿನದ ನೀರಿಗೆ ಸ್ವಲ್ಪ ಸುಣ್ಣ ಹಾಕಿದ ತಕ್ಷಣ ಕೆಂಪಾಗತ್ತೆ. ಸುಣ್ಣ ಕ್ಷಾರ, ಅರಿಶಿನದ ಕರ್ಕ್ಯುಮಿನ್ ಕ್ಷಾರದಲ್ಲಿ ಬಣ್ಣ ಬದಲಾಯಿಸತ್ತೆ. ಬೇರೆ ಲೋಟದಲ್ಲಿ ಅದೇ ನೀರು ತಗೊಂಡು ನಿಂಬೆಹಣ್ಣು ಹಿಂಡಿ, ಮತ್ತೆ ಹಳದಿ. ನಮ್ಮ ಪುಟ್ಟ ಕಸಿನ್ಸ್ ಆರು ನಿಂಬೆಹಣ್ಣು ಖಾಲಿ ಮಾಡಿದ್ರು. ಸುಣ್ಣ ಮಾತ್ರ ನೀವೇ ಹಾಕಿ, ಮಕ್ಕಳ ಕೈಗೆ ಕೊಡಬೇಡಿ, ಕಣ್ಣಿಗೆ ಹೋದ್ರೆ ಅಪಾಯ.

ಒಂದು ಆಟ ಮಾತ್ರ ಇಲ್ಲಿಗೆ ಬೇಡ. ರೀಲ್ಸ್‌ನಲ್ಲಿ ಬರೋ ಜೆಂಡರ್ ರಿವೀಲ್ ಕೇಕ್, ನೀಲಿ ಹೊಗೆ, ಗುಲಾಬಿ ಹೊಗೆ. ಹುಟ್ಟೋ ಮೊದಲೇ ಲಿಂಗ ಪತ್ತೆ ಮಾಡಿ ಹೇಳೋದು ನಮ್ಮ ದೇಶದಲ್ಲಿ 1994ರ ಕಾಯ್ದೆಯ ಪ್ರಕಾರ ಅಪರಾಧ. ಯಾಕೆ ಆ ಕಾನೂನು ಬೇಕಾಯ್ತು ಅಂತ ನಮ್ಮೆಲ್ಲರಿಗೂ ಗೊತ್ತು. ಗೊತ್ತಿಲ್ಲದೆ ಸುಮ್ಮನೆ ಗಂಡೋ ಹೆಣ್ಣೋ ಅಂತ ಬೆಟ್ ಕಟ್ಟಿಸೋ ಆಟವೂ ನಮಗೆ ಹಿಡಿಸಲ್ಲ. ಅದರ ಬದಲು ಹೆಸರು ಬರೆಯೋ ಡಬ್ಬಿ ಇಟ್ವಿ, ಇಬ್ಬರಿಗೂ ಒಪ್ಪೋ ಹೆಸರು ಮಾತ್ರ ಅಂತ ರೂಲ್. ಚಂದನ, ಕಿರಣ, ಸುಮನ್ ಬಂದವು. ಒಬ್ಬ ಮಾವ "ಪೈಥಾನ್" ಅಂತ ಬರೆದಿದ್ರು, ನಮ್ಮನ್ನ ಕೆಣಕೋಕೆ.

ತಾಂಬೂಲಕ್ಕೆ ಬ್ಲೌಸ್ ಪೀಸ್ ಕೊಡೋದನ್ನ ದಯವಿಟ್ಟು ನಿಲ್ಲಿಸಿ. ಅದು ಸೃಷ್ಟಿಯಾಗಲ್ಲ, ನಾಶವಾಗಲ್ಲ, ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗ್ತಾ ಇರತ್ತೆ. ನಾವು ಕೊಟ್ಟಿದ್ದು ಎಲೆ ಅಡಿಕೆ ಜೊತೆ ಒಂದು ಪುಟ್ಟ ಬಾಟಲಿ ಪುಳಿಯೋಗರೆ ಗೊಜ್ಜು. ಗೊಜ್ಜು ಹೇಗಿದ್ರೂ ಮಾಡ್ತಿದ್ವಿ, ದೊಡ್ಡ ಪಾತ್ರೆಯಲ್ಲಿ ಮಾಡಿದ್ವಿ. ಬಾಟಲಿ ಮೇಲೆ ಯಾವಾಗ ಮಾಡಿದ್ದು, ಎಷ್ಟು ದಿನದಲ್ಲಿ ಮುಗಿಸಬೇಕು ಅಂತ ಚೀಟಿ ಅಂಟಿಸಿ.

ಮಾರನೇ ದಿನದ ಕೆಲಸವನ್ನೂ ಮೊದಲೇ ಹಂಚಿಕೊಳ್ಳಿ, ಇಲ್ಲದಿದ್ರೆ ಅದು ಅಮ್ಮಂದಿರ ಮೇಲೆ ಬೀಳತ್ತೆ. ಬಾಡಿಗೆ ಕುರ್ಚಿ ಎಣಿಸಿ ವಾಪಸ್ ಕೊಡೋರು ಯಾರು, ಪಾತ್ರೆ ಯಾರು, ಹೂವು ಬಾಳೆಎಲೆ ಹಸಿ ಕಸಕ್ಕೆ ಹಾಕೋರು ಯಾರು ಅಂತ ನಮ್ಮ ಶೀಟ್‌ನಲ್ಲಿ ಒಂದು ಕಾಲಂ ಇತ್ತು. ರೇಷ್ಮೆ ಸೀರೆಗಳನ್ನ ಮಡಿಚೋ ಮೊದಲು ನೆರಳಲ್ಲಿ ಒಂದು ದಿನ ಗಾಳಿಗೆ ಹಾಕಿ. ಉಳಿದ ಬಳೆಗಳನ್ನ ಕೆಲವು ಅಂಗಡಿಯವರು ಡಜನ್ ಪೂರ್ತಿ ಇದ್ರೆ ವಾಪಸ್ ತಗೋತಾರೆ, ಕೊಳ್ಳುವಾಗಲೇ ಕೇಳಿಕೊಳ್ಳಿ. ನಮಗೆ 2.8ರಲ್ಲಿ ಎರಡು ಡಜನ್ ಉಳೀತು. 2.4ರ ಬುಟ್ಟಿಯಲ್ಲಿ ಒಂದೂ ಉಳೀಲಿಲ್ಲ.